ಅವ್ವನ ಮನೆಯಲ್ಲಿ ಉಣ್ಣದ ಪೈಲ್ವಾನ

ಬಾಗೂರಿನ ಪಾಲಾಕ್ಷ ಆಫ್ರಿಕಾಕ್ಕೆ ಹೋಗಿ ಕುಸ್ತಿ ಗೆದ್ದು ಬಂದವನು ಎಂದು ಚನ್ನರಾಯಪಟ್ಟಣದ ಸಂತೆಯಲ್ಲಿ ಹೇಳಿಕೊಂಡು ತಿರುಗುವವರಿಗೆ ಕಡಿಮೆಯಿರಲಿಲ್ಲ. ಹೇಳಲಿ, ಪಾಪ. ಗೆದ್ದೆತ್ತಿನ ಬಾಲ ಹಿಡಿಯಲು ಯಾರಿಗೆ ತಾನೆ ಆಸೆಯಿಲ್ಲ? ಅವನ ತಾಯಿಯ ಮುಖವನ್ನು ಒಂದು ಸಲ ನೋಡಿದ್ದರೆ ಇವರಿಗೆ ಅಷ್ಟು ಉತ್ಸಾಹ ಇರುತ್ತಿರಲಿಲ್ಲ.

ತಾಯಿ ಬಸವಲಿಂಗಮ್ಮ. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಮಗ ಪಾಲಾಕ್ಷನನ್ನೂ ಮಗಳು ರೇವಮ್ಮನನ್ನೂ ಸಾಕಿದವಳು. ಹಾಲೆಲ್ಲ ಮಗನ ಹೊಟ್ಟೆಗೇ ಹೋಗುತ್ತಿತ್ತು. ರೇವಮ್ಮ ಮುನಿಸಿಕೊಂಡರೆ, "ಅವ್ನು ಗರಡಿಗೆ ಓಗೋನು ಕಣೇ, ನಿಂಗ್ಯಾಕೆ ಅಷ್ಟೊಂದು," ಎಂದು ಬಾಯಿ ಮುಚ್ಚಿಸುವಳು. ಆ ಮನೆಯ ಕಟ್ಟುನಿಟ್ಟು ಒಂದೇ. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದವರಿಗೆ ತಟ್ಟೆ ಇಡುವಂತಿಲ್ಲ. ಪಾಲಾಕ್ಷ ಕುಸ್ತಿಯ ಮಟ್ಟಿಗಿಳಿಯುವಾಗಲೂ ಅದನ್ನು ಮೈಯಿಂದ ಅಗಲಿಸದೆ ರಟ್ಟೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದ. ನಮ್ಮ ಸೀಮೆಯ ಕುಸ್ತಿಗಳಲ್ಲಿ ಅದಕ್ಕೆ ಯಾರೂ ಚಕಾರ ಎತ್ತಿದವರಲ್ಲ.

ಮೂವತ್ತಾರನೇ ಇಸವಿಯಲ್ಲಿ ಹಾಸನದಲ್ಲೊಂದು ಕುಸ್ತಿ ನಡೆಯಿತು. ಕೊಬ್ಬರಿ ಕೊಳ್ಳಲು ಬಂದಿದ್ದ ಗುಜರಾತಿ ಸೇಟು ಒಬ್ಬ ಅದನ್ನು ನೋಡಿದ. ಅವನ ಅಂಗಡಿ ಇದ್ದದ್ದು ಆಫ್ರಿಕಾದ ಮೊಂಬಾಸದಲ್ಲಿ. ಅಲ್ಲಿ ಒಬ್ಬೊಬ್ಬ ಸೇಟುವೂ ಒಬ್ಬೊಬ್ಬ ಪೈಲ್ವಾನನನ್ನು ಸಾಕುತ್ತಿದ್ದನಂತೆ. ಕೋಳಿ ಅಂಕಕ್ಕೆ ಹುಂಜ ಸಾಕಿದ ಹಾಗೆ. ಪಾಲಾಕ್ಷ ಹೊರಟೇಬಿಟ್ಟ. ಬಸವಲಿಂಗಮ್ಮ ಅಳಲಿಲ್ಲ, ಬೇಡವೆನ್ನಲೂ ಇಲ್ಲ. "ಒತ್ತೊತ್ತಿಗೆ ಉಣ್ಣು," ಎಂದಳು, ಅಷ್ಟೇ.

ಅಲ್ಲಿ ಅವನು ಮೂರು ವರ್ಷ ಮೇಲಿಂದ ಮೇಲೆ ಗೆದ್ದ. ರೈಲ್ವೆ ಕೆಲಸದ ಪಂಜಾಬಿ ಮೇಸ್ತ್ರಿಗಳು, ಬಂದರಿನಲ್ಲಿ ಮೂಟೆ ಹೊರುವ ಅಲ್ಲಿನ ಕಟ್ಟಾಳುಗಳು, ಎಲ್ಲರ ಬೆನ್ನಿಗೂ ಮಣ್ಣು ಹಿಡಿಸಿದ. ಕೊನೆಗೆ ಒಬ್ಬ ದೊಡ್ಡ ಪೈಲ್ವಾನನ ಜೊತೆ ಜೋಡಿ ಗೊತ್ತಾಯಿತು. ರಟ್ಟೆಯ ಗಂಟು ತಗುಲಿದರೆ ಪೆಟ್ಟಾಗುತ್ತದೆ, ಬಿಚ್ಚಿದರೆ ಮಾತ್ರ ಕುಸ್ತಿ ಎಂದು ಎದುರಾಳಿ ಕಡೆಯವರು ಹಟ ಹಿಡಿದರು. ಸೇಟು ಕೈಮುಗಿದು ಗೋಗರೆದ. ಸುತ್ತ ಜನ ಕೂಗುತ್ತಿದ್ದರು. ಪಾಲಾಕ್ಷನಿಗೆ ಗೆಲುವಿನ ರುಚಿ ಹತ್ತಿಬಿಟ್ಟಿತ್ತಲ್ಲ. ಲಿಂಗವನ್ನು ಬಿಚ್ಚಿ ಪೇಟದಲ್ಲಿ ಸುತ್ತಿ ಪಕ್ಕಕ್ಕಿಟ್ಟು ಕಣಕ್ಕಿಳಿದ.

ಗೆದ್ದ. ಜನ ನುಗ್ಗಿ ಹೆಗಲ ಮೇಲೆ ಹೊತ್ತು ಕುಣಿದರು. ಇಳಿಸಿದಾಗ ಓಡಿಬಂದು ನೋಡಿದರೆ ಪೇಟ ಕಾಲ್ತುಳಿತಕ್ಕೆ ಸಿಕ್ಕಿತ್ತು, ಲಿಂಗವಿರಲಿಲ್ಲ. ಆ ಮಣ್ಣನ್ನೆಲ್ಲ ಬೆರಳಲ್ಲಿ ಬಾಚಿ ಬಾಚಿ ಹುಡುಕಿದ. ಉಪವಾಸ ಬಿದ್ದ. ಜೊತೆಯವರು ಬೈದು, ಬೇಡಿ, ಬಾಯಿಗೆ ಗಂಜಿ ಹಾಕಿದರು. ಒಂದು ಸಲ ಉಂಡಮೇಲೆ ಉಣ್ಣುತ್ತಲೇ ಹೋದ. ಹಸಿವಿಗೆ ನಾಚಿಕೆ ಎಲ್ಲಿಯದು? ಆದರೆ ಕಣದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ಕುಸ್ತಿಯಲ್ಲಿ ಭುಜ ಮುರಿಯಿತು. ನಲವತ್ತೊಂದರಲ್ಲಿ ಸೇಟು ಅವನನ್ನು ಹಡಗು ಹತ್ತಿಸಿ ಕೈತೊಳೆದುಕೊಂಡ.

ಬಾಗೂರಲ್ಲಿ ತಮಟೆ ಬಡಿಸಿ ಮೆರವಣಿಗೆ ಮಾಡಿದರು. ಬಸವಲಿಂಗಮ್ಮ ತಟ್ಟೆ ಇಟ್ಟು, "ಪೂಜೆ ಮಾಡ್ಕೊಂಡ್ ಕೂತ್ಕೊ ಮಗಾ," ಎಂದಳು. ಪಾಲಾಕ್ಷ ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡ. ಕಳೆದುಹೋಯಿತು ಎಂದಿದ್ದರೆ ಆಗುತ್ತಿತ್ತು. ತಾನೇ ಕೈಯಾರೆ ಬಿಚ್ಚಿಟ್ಟೆ ಎಂದು ಅವಳ ಮುಂದೆ ಹೇಗೆ ಹೇಳುವುದು?

"ಊರ್ನೋರ್ ಮನೇಲಿ ಉಂಡ್ಬಂದೆ ಕಣವ್ವ," ಎಂದುಬಿಟ್ಟ.

ಆ ಸುಳ್ಳು ಅವನನ್ನು ನಾಲ್ಕು ವರ್ಷ ಬಿಡಲಿಲ್ಲ. ಚನ್ನರಾಯಪಟ್ಟಣದ ಮಂಡಿಯೊಂದರಲ್ಲಿ ಕಾವಲಿಗೆ ಸೇರಿ ಅಲ್ಲೇ ಬೇಯಿಸಿಕೊಳ್ಳುತ್ತಿದ್ದ. ಸೋಮವಾರ ಬಂದು ಜಗಲಿಯಲ್ಲಿ ಕೂತು, ಉಂಡಾಯ್ತು ಎಂದು ಎದ್ದು ಹೋಗುತ್ತಿದ್ದ. ರಾಗಿಗೆ ಬರ ಬಂದ ಯುದ್ಧದ ದಿನಗಳಲ್ಲೂ ಅವಳು ಸೋಮವಾರಕ್ಕೆಂದು ಹಿಟ್ಟು ಉಳಿಸುವಳು. ಅವನು ಹೋದ ಮೇಲೆ ರೇವಮ್ಮನ ಮುಂದೆ, "ದೊರೆಗಳೂಟ ಉಂಡ ಬಾಯಿ ಕಣೇ. ನನ್ ಮುದ್ದೆ ಎಲ್ಲಿ ಇಡಿಸ್ತದೆ," ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುವಳು. ಎಂಥ ಮಗನಪ್ಪ ಇವನು. ಅವ್ವನ ಮುಂದಾಗಲಿ ಮಠದ ಗುರುಗಳ ಮುಂದಾಗಲಿ, ಅಷ್ಟು ದೊಡ್ಡ ಮೈಯಲ್ಲಿ ಒಂದು ಮಾತಿಗೆ ಬೇಕಾದಷ್ಟು ಧೈರ್ಯ ಇರಲಿಲ್ಲ.

ನಲವತ್ತೈದರಲ್ಲಿ ಬಸವಲಿಂಗಮ್ಮ ಚಳಿಜ್ವರದಿಂದ ಮಲಗಿದಳು. ಪಾಲಾಕ್ಷ ಬಂದು ಪಕ್ಕದಲ್ಲಿ ಕೂತ.

"ನಾನ್ ಏನ್ ತೆಪ್ ಮಾಡಿದ್ನೋ ಏಳ್ಬುಡು ಮಗಾ. ತಿಳ್ಕೊಂಡಾದ್ರೂ ಸಾಯ್ತೀನಿ."

ಅವನು ಅಂಗಿಯ ಗುಂಡಿ ಬಿಚ್ಚಿ ಬರಿದಾದ ಎದೆ ತೋರಿಸಿ ಎಲ್ಲ ಹೇಳಿದ. ಅವಳು ಕೈಚಾಚಿ ಆ ಎದೆಯನ್ನು ಸವರಿದಳು.

"ಅದ್ಕಾ? ಲಿಂಗ ಓದ್ರೆ ಗುರುಗಳು ಇನ್ನೊಂದ್ ಕಟ್ತಾರೆ ಕಣ್ಲಾ. ನೀನ್ ಉಣ್ದೆ ಓದ ಸೋಮ್ವಾರನೆಲ್ಲ ಯಾರ್ ತಂದ್ಕೊಡ್ತಾರೆ?" ಎಂದಳು. ಆಮೇಲೆ, "ಅರಕಲಗೂಡ್ ಕಡೆ ನಮ್ ಮಟಕ್ಕೆ ಓಗಿ ಕಟ್ಟಿಸ್ಕೊಂಬಾ. ಬಂದು ನನ್ ಕೈಲಿ ಉಣ್ಣು," ಎಂದಳು.

ಅವತ್ತೇ ಹೊರಟ. ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತೇಹೋಯಿತು. ಉಳಿದ ದಾರಿಯನ್ನು ನಡೆದ. ಮಠದಲ್ಲಿ ಮರುದಿನ ಬೆಳಿಗ್ಗೆ ಗುರುಗಳು ಲಿಂಗ ಕಟ್ಟಿ ಹರಸಿದರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಬಾಗೂರು ಸೇರಿದಾಗ ಮನೆ ಮುಂದೆ ಜನ ಕೂಡಿದ್ದರು. ಬಸವಲಿಂಗಮ್ಮನ ಹಣೆಗೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ರೇವಮ್ಮ ಅಳುತ್ತ ಹೇಳಿದಳು, "ಎಷ್ಟ್ ಏಳಿದ್ರೂ ಕೇಳ್ನಿಲ್ಲ ಕಣಣ್ಣ. ಬಂದ್ಬುಡ್ತಾನೆ ಅಂತ ಎದ್ದು ತಾನೇ ಮುದ್ದೆ ತಿರುವುದ್ಲು. ತಟ್ಟೆಗಾಕಿ ಮುಚ್ಚಿಟ್ಟು ಗೋಡೆಗೊರಗುದ್ಲು, ಅಷ್ಟೇ."

ಪಾಲಾಕ್ಷ ಕೈಕಾಲು ತೊಳೆದು ಬಂದು ಅವ್ವನ ಎದುರು ಕೂತು ಲಿಂಗಪೂಜೆ ಮಾಡಿಕೊಂಡ. ತಟ್ಟೆ ಎಳೆದುಕೊಂಡ. ಹೆಣ ಎತ್ತುವ ಮೊದಲೇ ಉಣ್ಣುತ್ತಾನಲ್ಲ ಎಂದು ಯಾರೋ ಗೊಣಗಿದರು. ಶಾಸ್ತ್ರ ಮಾಡಿಸಲು ಬಂದಿದ್ದ ಚನ್ನಬಸವಯ್ಯನವರು, "ಉಣ್ಲಿ ಬುಡ್ರಪ್ಪ," ಎಂದರು.

ಮುದ್ದೆ ತಣ್ಣಗಾಗಿತ್ತು. ಕೈಯಲ್ಲಿ ಬಲವಿಲ್ಲದೆ ತಿರುವಿದ್ದರಿಂದ ಒಳಗೆಲ್ಲ ಹಸಿ ಹಿಟ್ಟಿನ ಗಂಟು. ಅವನು ಒಂದು ಚೂರೂ ಬಿಡದೆ ಉಂಡ, ತಟ್ಟೆ ತೊಳೆದ ನೀರನ್ನೂ ಕುಡಿದ. ಆಮೇಲೆ ಎದ್ದು ಅವ್ವನನ್ನು ಎತ್ತಿಕೊಂಡ.