ಅವ್ವನ ಹೆಸರಿನ ಟಗರು

ಆ ವರ್ಷದ ಬಕ್ರೀದ್ ಕುರ್ಬಾನಿ ಅವ್ವನ ಹೆಸರಿನಲ್ಲಿ ಆಗಬೇಕಿತ್ತು. ಮನೆಗೆ ಒಂದೇ ಟಗರು ಕೊಡುವ ತಾಕತ್ತು ನಮ್ಮದು. ಒಮ್ಮೆ ಅಪ್ಪನ ಹೆಸರು, ಒಮ್ಮೆ ತೀರಿಹೋದ ಅಜ್ಜನ ಹೆಸರು, ಒಮ್ಮೆ ಕಾಕಾನ ಹೆಸರು ಎಂದು ಗಂಡಸರ ಪಾಳಿ ಮುಗಿಯುವುದರೊಳಗೆ ಅವಳ ತಲೆ ನರೆತಿತ್ತು. ಅದಕ್ಕೇ ಈ ಟಗರನ್ನು ಮರಿಯಿದ್ದಾಗಿನಿಂದ ತಾನೇ ಸಾಕಿದಳು. ಬೇರೆಯವರು ಮುಟ್ಟಿದರೆ ಸಿಡುಕುತ್ತಿದ್ದಳು. ಮರೋಳದ ನಮ್ಮ ಮನೆಯ ಹಿಂದೆ ಕಾಲುವೆ ನೀರು ಬಸಿದು ಬೇಸಿಗೆಯಲ್ಲೂ ಹಸಿಯಾಗಿರುವ ಒಂದು ತಗ್ಗಿದೆ. ಊರಿನ ಕುರಿಗಳೆಲ್ಲ ತೊಗರಿ ಹೊಟ್ಟು ತಿನ್ನುವ ದಿನಗಳಲ್ಲಿ ಅವ್ವ ಆ ತಗ್ಗಿನಿಂದ ಎಳೆಹುಲ್ಲು ಕೊಯ್ದು ತಂದು ಕೈಯಾರೆ ತಿನ್ನಿಸುತ್ತಿದ್ದಳು. ದೇವರಿಗೆ ಕೊಡುವ ಜೀವ ಹೊಟ್ಟು ತಿಂದು ಬೆಳೆಯಬಾರದೆಂಬುದು ಅವಳ ಹಟ.

ಹಬ್ಬಕ್ಕೆ ಹದಿನೈದು ದಿನವಿದೆ ಎನ್ನುವಾಗ ಟಗರು ಮೇವು ಬಿಟ್ಟಿತು. ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು. ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹುನಗುಂದದ ದನದ ದವಾಖಾನೆಗೆ ಓಡಿದೆವು. ಡಾಕ್ಟರು ಕಣ್ಣಿನ ರೆಪ್ಪೆ ಮಗುಚಿದರು. ಒಳಗೆ ರಕ್ತವೇ ಇಲ್ಲದಷ್ಟು ಬಿಳುಪು. ಹಿಕ್ಕೆ ಪರೀಕ್ಷೆಯಾಗುವ ತನಕ ಅವ್ವ ಬೆಂಚಿನ ಮೇಲೆ ಕೂರಲೂ ಇಲ್ಲ.

"ಕಲೀಜದಾಗ, ಅಂದ್ರ ಲಿವರ್‌ನಾಗ, ಚಪ್ಪಟಿ ಹುಳ ಅದಾವ್ರಿ, ಎಲಿ ಹಂಗ," ಎಂದರು ಡಾಕ್ಟರು. "ನೀರಾಗಿನ ಸಣ್ಣ ಶಂಖದ ಹುಳದಾಗ ಬೆಳದು, ಹಸಿ ಹುಲ್ಲಿಗೆ ಅಂಟಿಕೊಂಡು ಕುಂತಿರ್ತಾವು. ಇದರ ಬಳಗದ ಹುಳ ಸಮುದ್ರದ ಆಮೆನ್ನೂ ಬಿಟ್ಟಿಲ್ಲ, ಅದರ ರಕ್ತದಾಗ ಇರ್ತಾವು."

"ಆಮೆ ಸುದ್ದಿ ಇರಲ್ರಿ, ನಮ್ಮ ಟಗರಿಂದು ಹೇಳ್ರಿ," ಎಂದ ಅಪ್ಪ.

"ಔಷಧ ಕುಡಿಸಿದರ ಉಳದೀತು. ಆದ್ರ ತಿಂಗಳೊಪ್ಪತ್ತು ಅದರ ಮಾಂಸ ಯಾರೂ ತಿನ್ನೂಹಂಗಿಲ್ಲ."

ಅವ್ವ ಕೇಳಿದ್ದು ಒಂದೇ ಮಾತು. "ಹುಲ್ಲಿನಿಂದಾನ ಬಂತೇನ್ರಿ?" ಡಾಕ್ಟರು ಹೌದೆಂದರು. ಅವರ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮನೆಯಲ್ಲಿ ಕಾಕಾ ಕಾಯುತ್ತಿದ್ದ. "ರೋಗದ ಟಗರು ಕುರ್ಬಾನಿಗೆ ಆಗೂದಿಲ್ಲ, ಖರೆ. ಆದ್ರ ಹುಳ ಒಳಗ ಅದಾವು ಭಾಬಿ, ಯಾರಿಗೆ ಕಾಣ್ತಾವು? ಔಷಧ ಬ್ಯಾಡ. ಹಬ್ಬದ ತನಕ ಹೆಂಗರ ಜೀವ ಹಿಡದೀತು, ಕಲೀಜ ಒಗದಬಿಡೂಣು." ಅಪ್ಪನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗಲೊಲ್ಲ, ಉಗುಳಲೊಲ್ಲ. ಔಷಧದ ಬಾಟಲಿ ಹಿಡಿದು ಅವ್ವ ನಿಂತೇ ಇದ್ದಳು. ಟಗರು ನೋವಿಗೆ ಹಲ್ಲು ಕಡಿಯುವುದು ನಮಗೆಲ್ಲ ಕೇಳುತ್ತಿತ್ತು.

"ಬಾಯಿ ಹಿಡಿ," ಎಂದಳು ನನಗೆ.

ಕುಡಿಸಿದ ಮೇಲೂ ಅದು ಉಳಿಯುವ ಭರವಸೆ ಇರಲಿಲ್ಲ. ಅವ್ವ ಗಳಿಗೆಗೊಮ್ಮೆ ಎದ್ದುಹೋಗಿ ಅದರ ಮೂಗಿನ ಮುಂದೆ ಕೈ ಹಿಡಿದು ನೋಡುತ್ತಿದ್ದಳು. ಅನ್ನ ಕಲಸಿಟ್ಟು ಹಾಗೇ ಬಿಡುತ್ತಿದ್ದಳು. ನಾನು ಬೈದರೆ ಬೈಸಿಕೊಳ್ಳುವಳು, ಅಷ್ಟೇ.

ನಿಧಾನಕ್ಕೆ ಬಾವು ಇಳಿಯುತ್ತ ಬಂತು. ಹಬ್ಬದ ಬೆಳಿಗ್ಗೆ ಟಗರು ಗೂಟಕ್ಕೆ ಗುದ್ದುತ್ತಿತ್ತು. ಅತ್ತರು ಹಚ್ಚಿಕೊಂಡು ನಮಾಜಿಗೆ ಹೊರಟ ಕಾಕಾ ಅದನ್ನು ನೋಡಿ ನಿಂತ. "ಹುಲಿ ಆಗೇತಲ್ಲ ಭಾಬಿ! ಔಷಧ ಇಷ್ಟೊತ್ತಿಗೆ ಇಳದು ಹೋಗಿರ್ತೈತಿ. ನಿಮ್ಮ ಹೆಸರ್ಲೆ ಕೊಟ್ಟುಬಿಡೂಣು. ಮುಂದಿನ ವರ್ಷ ಯಾರ ಕಂಡಾರ?"

ಈ ಸಲ ನನಗೆ ಸಿಟ್ಟು ಬರಲಿಲ್ಲ. ಅವ್ವ ಹೂಂ ಅನ್ನಲಿ ಎಂದೇ ನನಗೂ ಆಸೆಯಾಯಿತು. ಅವಳು ಟಗರಿನ ಕೊಂಬು ಹಿಡಿದುಕೊಂಡಳು.

"ಮಾಂಸದ ಮೂರು ಪಾಲಿನಾಗ ಒಂದು ಬಡವರದು, ತಮ್ಮಾ. ಅವರ ಬಾಯಾಗ ನಾ ಔಷಧ ಹಾಕ್ಲೇನು?"

ಕಾಕಾ ಟೋಪಿ ಸರಿಮಾಡಿಕೊಂಡು ಹೋದ.

ಮಧ್ಯಾಹ್ನ, ಹಬ್ಬಕ್ಕೊಮ್ಮೆ ಮನೆಮನೆಗೆ ಪಾಲು ಕೇಳಿಕೊಂಡು ಬರುವ ಮುದುಕಿ ಬಂದಳು. ಅವ್ವ ಹೊಸ್ತಿಲಲ್ಲಿ ಬರಿಗೈಲಿ ನಿಂತು, "ಈ ವರ್ಷ ನಮ್ಮನ್ಯಾಗ ಆಗಿಲ್ಲಬೇ," ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನೆಂದೂ ಕೇಳಿರಲಿಲ್ಲ.

ಮುದುಕಿ ಕಟ್ಟೆಯ ಮೇಲೆ ಕೂತು ಮನೆಮನೆಯ ಪಾಲು ತುಂಬಿದ್ದ ತನ್ನ ಬೋಗುಣಿಯ ಮುಚ್ಚಳ ತೆಗೆದಳು.

"ಕುರ್ಬಾನಿ ಕೊಡದಿದ್ದ ಮನಿಗೆ ಪಾಲು ಮುಟ್ಟಬೇಕವ್ವಾ. ಪಾತ್ರಿ ತಾ."

ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ಅವ್ವ ಒಳಗಿನಿಂದ ಪಾತ್ರೆ ತಂದು, ಎರಡೂ ಕೈಯಲ್ಲಿ ಒಡ್ಡಿ, ಬಿಕ್ಕಿ ಬಿಕ್ಕಿ ಅತ್ತಳು.