ಸ್ಯಾಟಲೈಟ್ ಫೋನಿನ ಸೇಠ್

ನಮ್ಮ ಸೇಠರ ಬಲಗಿವಿಯ ಅಂಚು ಸದಾ ಕೆಂಪಗಿರುತ್ತಿತ್ತು. ಹೊಸ ಮಾದರಿಯ ಹ್ಯಾಂಡ್‌ಸೆಟ್ಟಿನ ಖಾಲಿ ಕವಚವೊಂದನ್ನು ಕಿವಿಗೆ ಒತ್ತಿಕೊಂಡೇ ಕಾರ್ಖಾನೆಯ ತುಂಬ ಓಡಾಡುತ್ತಿದ್ದರು. ಚಹಾ ಕುಡಿಯುವಾಗಲೂ ಇಳಿಸುತ್ತಿರಲಿಲ್ಲ. ಏನೂ ಇಲ್ಲದ ಫೋನಿನಲ್ಲಿ ಯಾರೊಡನೆ ಮಾತಾಡುತ್ತಾರೋ ಎಂದು ಹೊಸದಾಗಿ ಸೇರಿದ ಹುಡುಗಿಯರು ನಗುತ್ತಿದ್ದರು. ನಾನೊಮ್ಮೆ ಕೇಳಿಯೇಬಿಟ್ಟೆ.

"ಕಿವಿಗೆ ಒತ್ತುತ್ತದಾ ಅಂತ ನೋಡುವುದು. ಕಿವಿ ನೋವಾದ್ರೆ ಜನ ಬೇಗ ಫೋನ್ ಇಡ್ತಾರೆ ಮಾರಾಯ್ತಿ," ಎಂದರು. "ಮಾತಾಡಿದಷ್ಟು ಹೊತ್ತೂ ನೆಟ್‌ವರ್ಕ್ ಕಂಪನಿಗೆ ದುಡ್ಡು. ಅವರಿಗೆ ದುಡ್ಡು ಬಂದ್ರೆ ತಾನೆ ನಂಗೆ ಇನ್ನೊಂದು ಆರ್ಡರ್? ಇದೆಲ್ಲ ಧಂದೆ."

ಕುಂದಾಪುರದ ಕಡೆಯವರು. ನವಿ ಮುಂಬಯಿಯ ರಬಾಳೆಯಲ್ಲಿ ಸ್ಯಾಟಲೈಟ್ ಫೋನಿನ ಹ್ಯಾಂಡ್‌ಸೆಟ್ ತಯಾರಿಸುವ ಸಣ್ಣ ಕಾರ್ಖಾನೆ ಅವರದು. ಎಲ್ಲರಿಗೂ ಅವರು ಸೇಠ್. ನಾನು ಡೊಂಬಿವಲಿಯಿಂದ ರೈಲು ಬದಲಿಸಿ ಹೋಗಿ ಬರುತ್ತಿದ್ದೆ. ಟೆಸ್ಟಿಂಗ್ ಕೋಣೆ ನನ್ನ ಜವಾಬ್ದಾರಿ. ಸಿಗ್ನಲ್ ಹೊರಗೆ ಹೋಗದಂತೆ ಅದರ ಗೋಡೆ, ಬಾಗಿಲು, ಚಾವಣಿ ಎಲ್ಲ ಲೋಹದ್ದು. ಈ ಫೋನುಗಳು ಟವರಿನ ಹಂಗಿಲ್ಲದೆ ನೇರ ಉಪಗ್ರಹದೊಡನೆ ಮಾತಾಡುತ್ತವೆ. ಪರವಾನಗಿಯಿಲ್ಲದೆ ಬಯಲಲ್ಲಿ ಚಾಲೂ ಮಾಡಿದರೆ ಅಪರಾಧ. ನಮಗೆ ಒಪ್ಪಿಗೆಯಿದ್ದದ್ದು ಆ ಕೋಣೆಯೊಳಗೆ ಮಾತ್ರ. ಅದರ ಬೀಗದ ಕೈ ನನ್ನ ಬಳಿ ಇರುತ್ತಿತ್ತು.

ಒಂದು ದಿನ ಹಡಗು ಕಂಪನಿಯ ಖರೀದಿದಾರನೊಬ್ಬ, ಪೆಟ್ಟಿಗೆಯಂಥ ಕೋಣೆಯಲ್ಲಿ ಕೇಳಿಸಿದ್ದನ್ನು ನಂಬುವುದಿಲ್ಲ, ಆಕಾಶದ ಕೆಳಗೆ ಕೇಳಿಸಿ ಎಂದ. ಸೇಠ್ ನನ್ನ ಮೇಜಿನಿಂದ ಒಂದು ಸೆಟ್ ಎತ್ತಿಕೊಂಡರು.

"ಸರ್, ಹೊರಗೆ ಬೇಡ," ಎಂದೆ.

"ಒಂದೇ ನಿಮಿಷ. ಇವನನ್ನು ಬಿಟ್ರೆ ಇಡೀ ವರ್ಷದ ಆರ್ಡರ್ ಹೋಯ್ತು."

ತಾರಸಿಗೆ ಹೋದರು. ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಮೇಲೆ ಅವರು ಯಾರಿಗೋ ಹಲೋ ಎಂದದ್ದು ಕೇಳಿಸಿತು.

ಮರುದಿನ ಮಧ್ಯಾಹ್ನ ಇಬ್ಬರು ಸರ್ಕಾರಿ ಅಧಿಕಾರಿಗಳು ಪೊಲೀಸರೊಡನೆ ಬಂದರು. ಈ ಕಟ್ಟಡದಿಂದ ಸಿಗ್ನಲ್ ಹೋಗಿದೆ ಎಂದರು. ದನಿ ಏರಿಸಲಿಲ್ಲ. ನನಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ನಮ್ಮ ಮೊಬೈಲುಗಳನ್ನು ಮೇಜಿನ ಮೇಲೆ ಇಡಿಸಿದರು. ಸೇಠ್ ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಇಂಥ ಫೋನು ಯಾಕೆ ಮಾಡುತ್ತೀರಿ ಎಂದು ಹಿರಿಯ ಅಧಿಕಾರಿ ನಮ್ಮ ಮ್ಯಾನೇಜರನನ್ನು ಕೇಳಿದರು. ಆತ ಜಾಹೀರಾತಿನಲ್ಲಿದ್ದದ್ದನ್ನೇ ಒಪ್ಪಿಸಿದ: ದೇಶಸೇವೆ, ಮೀನುಗಾರರ ಪ್ರಾಣ, ಪ್ರವಾಹದಲ್ಲಿ ಸಿಕ್ಕಿಬಿದ್ದವರು.

"ಸೇವಾ? ಫಿರ್ ಪೈಸಾ ಕ್ಯೂಂ ಲೇತೆ ಹೋ?" ಎಂದರು ಅಧಿಕಾರಿ, ಸೇವೆಯಾದರೆ ದುಡ್ಡೇಕೆ ಎಂದು.

ಮ್ಯಾನೇಜರ್ ಬೆವರು ಒರೆಸಿಕೊಂಡು ನನ್ನತ್ತ ಕೈ ತೋರಿಸಿದ. "ಸಾಬ್, ಚಾಬಿ ಮ್ಯಾಡಮ್ ಕೆ ಪಾಸ್ ರೆಹತೀ ಹೈ. ಇನ್ ಸೇ ಗಲ್ತೀ ಹುಯೀ ಹೋಗೀ."

ಬೀಗದ ಕೈ ನನ್ನ ಬಳಿ, ತಪ್ಪೂ ನನ್ನದೇ ಎಂದಂತಾಯಿತು; ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಿದರೆ ಕಾರ್ಖಾನೆ ಮುಳುಗುತ್ತದೆ, ಹೇಳದಿದ್ದರೆ ನಾನು. ಮಗಳು ಡೊಂಬಿವಲಿಯಲ್ಲಿ ಶಾಲೆಯಿಂದ ಬಂದು ಪಕ್ಕದ ಮನೆಯಲ್ಲಿ ಕೂತಿರುತ್ತಾಳೆ, ಅವಳಿಗೊಂದು ಮಾತು ತಿಳಿಸಲೂ ಮೊಬೈಲು ಕೈಯಲ್ಲಿಲ್ಲ. "ನಾನಲ್ಲ," ಎಂದೆ. ಮತ್ತೆ ಯಾರು ಎಂದು ಕೇಳಿದರು.

ಅಷ್ಟರಲ್ಲಿ ಸೇಠ್ ಬಂದರು. ಮ್ಯಾನೇಜರ್ ಅವರನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದ. ನೌಕರರ ತಪ್ಪೆಂದರೆ ನಮಗೆ ದಂಡದಲ್ಲಿ ಮುಗಿಯುತ್ತದೆ, ನಿಮ್ಮದೆಂದರೆ ಲೈಸೆನ್ಸೇ ಹೋಗುತ್ತದೆ ಎಂದದ್ದು ನನಗೂ ಕೇಳಿಸಿತು. ಸೇಠ್ ನನ್ನನ್ನು ನೋಡಿದರು. ಲಾಭವಿಲ್ಲದೆ ಒಂದು ಹೆಜ್ಜೆ ಇಡದವರೆಂದು ಅವರೇ ಹೇಳಿಕೊಂಡದ್ದನ್ನು ಎಷ್ಟೋ ವರ್ಷ ಕೇಳಿದ್ದೆ.

ಅವರು ಅಧಿಕಾರಿಯ ಎದುರು ನಿಂತು ಹಿಂದಿಯಲ್ಲಿ ಹೇಳಿದರು: ಸೇವೆ ಗೀವೆ ಎಲ್ಲ ಜಾಹೀರಾತಿನ ಮಾತು. ಇಷ್ಟು ಸಣ್ಣ ಆರ್ಡರು ದೊಡ್ಡ ಕಂಪನಿಗಳಿಗೆ ಬೇಡ, ಆದ್ದರಿಂದ ನಾನು ಕೇಳಿದ ಬೆಲೆ ಸಿಗುತ್ತದೆ, ಅದಕ್ಕೇ ಮಾಡುತ್ತೇನೆ. ನಿನ್ನೆ ತಾರಸಿಯಲ್ಲಿ ಚಾಲೂ ಮಾಡಿದ್ದೂ ನಾನೇ, ಆರ್ಡರಿನ ಆಸೆಗೆ. ಇವಳು ಬೇಡವೆಂದಳು.

ಬಂದಾಗಿನಿಂದ ನಿಂತೇ ಇದ್ದ ಅಧಿಕಾರಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕುಳಿತರು.

ಸೇಠರನ್ನು ಜೀಪಿನಲ್ಲಿ ಕರೆದೊಯ್ಯುವಾಗ ನಾನು ಅಳುತ್ತ ಹಿಂದೆಯೇ ಓಡಿದೆ.

"ಎಂತ ಅಳುವುದು?" ಎಂದು ಗದರಿದರು. "ನಿನ್ನ ಉಪಕಾರಕ್ಕೆ ಹೇಳಿದ್ದಲ್ಲ. ಟೆಸ್ಟಿಂಗಿನವಳೇ ಕಳ್ಳಿ ಅಂತಾದ್ರೆ ನಾಳೆ ನಮ್ಮ ಮಾಲು ಯಾರು ತಗೊಳ್ತಾರೆ? ಧಂದೆ ಮಾರಾಯ್ತಿ, ಧಂದೆ. ಮನೆಗೆ ಹೋಗು, ಮಗು ಕಾಯ್ತದೆ."

ಲೈಸೆನ್ಸ್ ಹೋಯಿತು. ಯಂತ್ರಗಳು ಮಾರಾಟವಾದವು. ಕೋರ್ಟಿಗೆ ಅಲೆದಲೆದು, ಕೇಸು ಮುಗಿಯುವ ಮೊದಲೇ ಅವರು ಎದೆನೋವಿನಿಂದ ತೀರಿಕೊಂಡರು. ಲೈಸೆನ್ಸೇ ಇಲ್ಲದ ಮೇಲೆ ನಾಳೆಗೆ ಮಾಲು ಎಲ್ಲಿಯದು? ಅಷ್ಟು ತಿಳಿಯದವರಲ್ಲ ಅವರು. ಹಾಗಿದ್ದೂ ಧಂದೆ ಎಂದೇ ಹೇಳಿ ಹೋದರು. ನಮ್ಮ ಕಟ್ಟಡದ ಕೆಳಗೆ ಜೀಪು ನಿಂತ ಸದ್ದಾದರೆ ಇಂದಿಗೂ ಕಿಟಕಿಗೆ ಹೋಗಿ ಇಣುಕುತ್ತೇನೆ.

ಸೇಠರನ್ನು ಕರೆದೊಯ್ದ ಆ ಸಂಜೆ ನಾನು ಥಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಮನೆ ಸೇರಿದಾಗ ಮಗಳು ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮಮ್ಮಿ, ಕಿತೀ ಉಶೀರ್!" ಎಂದಳು. ಎಷ್ಟು ತಡವೆಂದು ಬೈದಳು, ಅಷ್ಟಕ್ಕೇ ಬೈದಳು. ತಡವಾಗಿಯಾದರೂ ಮನೆಗೆ ಬಂದೆನಲ್ಲ, ಆ ಋಣ ಸೇಠರದು.