ರೇಡಿಯೋದ ಬೆನ್ನಿಗೆ ಬರೆದ ಹೆಸರು

ಸವಣೂರಿನ ಕರೆವ್ವ ೧೯೭೪ರಿಂದ ೧೯೮೧ರವರೆಗೆ ರಿಪೇರಿ ಮಾಡಿದ ರೇಡಿಯೋಗಳ ಮೇಲೆ ಬೇರೆಯವರ ಹೆಸರು ಬರೆಯಲಾಯಿತು. ಅವು ಕೇರಿಯ ಹೆಂಗಸಿನ ಕೈಯಿಂದ ಬಂದವೆಂದು ತಿಳಿದ ಮನೆಗಳಲ್ಲಿ, ಒಳಗೆ ಒಯ್ಯುವ ಮೊದಲು ಅವುಗಳ ಮೇಲೆ ಗೋಮೂತ್ರ ಚಿಮುಕಿಸಲಾಯಿತು.

ಈಗ ೧೯೮೬. ಶಿವರಾತ್ರಿ ಹತ್ತಿರ ಬಂದರೂ ಬೆಳಗಿನ ಚಳಿ ಬಿಟ್ಟಿಲ್ಲ. ಎಲೆಬಳ್ಳಿ ತೋಟದಿಂದ ವೀಳ್ಯದೆಲೆಯ ಪೆಂಡಿ ಹೊತ್ತು ಬರುವವರನ್ನು ಬಿಟ್ಟರೆ ಪೇಟೆ ಇನ್ನೂ ಎದ್ದಿಲ್ಲ. ತೆರೆದಿರುವುದು ಒಂದೇ ಅಂಗಡಿ. ಒಳಗೆ, ಮಡಿಸಿದ ಗೋಣಿಚೀಲದ ಮೇಲೆ ಕುಳಿತ ಕರೆವ್ವ ದೊಡ್ಡದೊಂದು ಮರದ ಪೆಟ್ಟಿಗೆಯ ರೇಡಿಯೋದ ಗುಂಡಿ ತಿರುಗಿಸಿ, ಕೈಕಟ್ಟಿಕೊಂಡು ಕಾಯುತ್ತಾರೆ. ವಾಲ್ವಿನ ರೇಡಿಯೋ ಗುಂಡಿ ತಿರುಗಿಸಿದೊಡನೆ ಮಾತಾಡುವುದಿಲ್ಲ. ಅದರ ಗಾಜಿನ ಬುರುಡೆಗಳು ಬಿಸಿಯಾಗಬೇಕು, ಒಳಗೆ ಕೆಂಪು ಎಳೆ ಮೂಡಬೇಕು.

"ಹೊಸಾ ಸೊಸಿ ಇದ್ದಂಗ ನೋಡ್ರಿ ಇದು. ಬಂದ ಕೂಡ್ಲೆ ಬಾಯಿ ಬಿಡಂಗಿಲ್ಲ. ಒಮ್ಮೆ ಬಿಡ್ತಂದ್ರ ಮನ್ಯಾಗ ಬ್ಯಾರೇದವ್ರ ಮಾತು ನಡಿಯಂಗಿಲ್ಲ" ಎಂದು ನಗುತ್ತಾರೆ.

ಅಷ್ಟರಲ್ಲಿ ದೂರದಿಂದ ಯಾರೋ ನಡೆದು ಬಂದ ಹಾಗೆ ಧಾರವಾಡ ಆಕಾಶವಾಣಿಯ ಮಂಗಳವಾದ್ಯ ಮೆಲ್ಲಗೆ ಬರುತ್ತದೆ, ಬಂದು ಅಂಗಡಿ ತುಂಬುತ್ತದೆ. ಕರೆವ್ವ ಕಣ್ಣು ಮುಚ್ಚಿ ಕೇಳುತ್ತಾರೆ. ರಿಪೇರಿಯಾದ ಪ್ರತಿಯೊಂದು ರೇಡಿಯೋವನ್ನೂ ಅವರು ಪರೀಕ್ಷಿಸುವುದು ಈ ಹೊತ್ತಿನಲ್ಲೇ. ಹೊಲದ ಪಂಪಸೆಟ್ಟುಗಳು, ಹಿಟ್ಟಿನ ಗಿರಣಿಗಳು ಶುರುವಾದರೆ ಕರೆಂಟು ಸೊರಗುತ್ತದೆ, ಆಗ ತಪ್ಪು ಕರೆಂಟಿನದೋ ರೇಡಿಯೋದ್ದೋ ತಿಳಿಯುವುದಿಲ್ಲ. "ನಸಿಕ್ಯಾಗ ಕರೆಂಟು ತುಂಬಿ ಬರ್ತೈತ್ರಿ. ಆಗ ಹಾಡಿದ್ರ ಅದು ಖರೇ ಹಾಡು."

ಇಂದು ಹಾಡುತ್ತಿರುವ ರೇಡಿಯೋ ಹಿರೇಕೆರೂರು ತಾಲೂಕಿನ ಹಂಸಭಾವಿಯದು. ದೊಡ್ಡ ಜಮೀನುದಾರರೂ ಕಾಳುಕಡಿಯ ವ್ಯಾಪಾರಿಗಳೂ ಆದ ಮಹಾಲಿಂಗಪ್ಪನವರದು. ಅದನ್ನು ಒಯ್ಯಲು ಅವರೇ ಇಂದು ಬರುವವರಿದ್ದಾರೆ. ರೇಡಿಯೋ ಬಿಚ್ಚಿದ ಮೆಕ್ಯಾನಿಕ್ಕು ಅದನ್ನು ಮುಚ್ಚುವ ಮೊದಲು ಬೆನ್ನಿನ ಹಲಗೆಯ ಒಳಮೈಗೆ ಪೆನ್ಸಿಲ್ಲಿನಿಂದ ತನ್ನ ಹೆಸರು, ಊರು, ವರ್ಷ ಬರೆಯುವುದು ಈ ಕಸುಬಿನ ಪದ್ಧತಿ. ಮುಂದೆ ಬಿಚ್ಚುವವನಿಗೆ ಅದು ಗುರುತು. ಹಂಸಭಾವಿಯ ರೇಡಿಯೋದ ಬೆನ್ನಿಗೆ ಕರೆವ್ವ ಈ ಸಲ ತಮ್ಮದೇ ಹೆಸರು ಬರೆದಿದ್ದಾರೆ. ಮಹಾಲಿಂಗಪ್ಪನವರು ಅದನ್ನಿನ್ನೂ ನೋಡಿಲ್ಲ. ಐದು ವರ್ಷದ ಹಿಂದೆ ಅವರು ಈ ಅಂಗಡಿಗೆ ಬರುವುದನ್ನು ಬಿಟ್ಟದ್ದು ಈ ಹೆಸರಿಗಾಗಿಯೇ. ಅವರು ಬಿಟ್ಟಾಗ ಆ ಸೀಮೆಯ ಗಿರಾಕಿಗಳೆಲ್ಲ ಬಿಟ್ಟಿದ್ದರು.

ಕರೆವ್ವ ಈ ಮನೆಗೆ ಮೊದಲು ಬಂದದ್ದು ಅಂಗಳ ಗುಡಿಸಲು. ಅಂಗಡಿ ಉಸ್ಮಾನಸಾಬರದು, ಅದರ ಹಿಂದೆಯೇ ಅವರ ಮನೆ. ಸುಟ್ಟುಹೋದ ಟ್ರಾನ್ಸ್‌ಫಾರ್ಮರಿಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಕೈಯಿಂದಲೇ ಸುತ್ತಬೇಕಿದ್ದ ಕಾಲ. ಸುತ್ತುವ ಕೆಲಸ ಉಸ್ಮಾನಸಾಬರ ಹೆಂಡತಿ ಜನ್ನತಬಿಯವರ ಪಾಲಿಗೆ ಬಂದಿತ್ತು, ಅವರಿಗದು ಸೇರುತ್ತಿರಲಿಲ್ಲ.

"ನನ್ನ ಕೈಯಾಗ ಆ ತಂತಿ ಪಟ್ಟಂತ ಹರೀತಿತ್ತು" ಎನ್ನುತ್ತಾರೆ ಜನ್ನತಬಿ, ಚಹಾದ ಬಟ್ಟಲು ಇಡುತ್ತ. "ಹರದ ಕೂಡ್ಲೆ ಇವರು ಒದರತಿದ್ರು. ಒಂದಿನ ಕರೆವ್ವನ ಕೈಯಾಗ ಕೊಟ್ಟು, ತಗೋಳವ್ವ ನೀನ ಸುತ್ತು, ನಾ ಕಸಾ ಹೊಡಿತೇನಿ ಅಂದೆ. ಅಕಿ ಸುತ್ತಿದ್ಲು. ನಾ ಮಾತ್ರ ಕಸಾ ಹೊಡೀಲಿಲ್ಲ ಬಿಡ್ರಿ."

ಪುಂಡಿನಾರು ಹೊಸೆದು ಹಗ್ಗ ಮಾಡುವ ಮನೆಯಲ್ಲಿ ಬೆಳೆದ ಕೈ ಅದು. ಎಷ್ಟು ಎಳೆದರೆ ಎಳೆ ತಾಳುತ್ತದೆ ಎಂಬುದು ಬೆರಳಿಗೇ ಗೊತ್ತಿತ್ತು. ತಂತಿ ಸುತ್ತುತ್ತ ಸುತ್ತುತ್ತ ಬೆಸುಗೆ ಹಾಕುವುದನ್ನು ಕಲಿತರು, ಬೆಸುಗೆ ಹಾಕುತ್ತ ಹಾಕುತ್ತ ರೋಗ ಹುಡುಕುವುದನ್ನು. ಮೂರು ವರ್ಷದಲ್ಲಿ ಅಂಗಡಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಅವರದೇ ಆಯಿತು. ಆದರೆ ಅವರು ಕೂರುವ ಜಾಗ ಒಳಗಿನ ಕೋಣೆ, ಪರದೆಯ ಆಚೆ. ಗಿರಾಕಿಗಳ ಮುಂದೆ ಉಸ್ಮಾನಸಾಬರು. ಬೆನ್ನಿನ ಹಲಗೆಗೂ ಅವರದೇ ಹೆಸರು.

ಶಾಲೆಯ ಮೆಟ್ಟಿಲು ಹತ್ತದ ಕರೆವ್ವನಿಗೆ ಅಕ್ಷರ ಕಲಿಸಿದ್ದೂ ಆ ಹಲಗೆಗಳೇ. ಬೆಸುಗೆಯ ಮಸಿ ಹತ್ತಿದ ಕೈಯಿಂದ ಬರೆಯಲು ಬೇಸರವಾಗಿ ಉಸ್ಮಾನಸಾಬರು ಪೆನ್ಸಿಲ್ಲನ್ನು ಇವರಿಗೇ ಕೊಟ್ಟುಬಿಟ್ಟರು. ಹಳೆಯ ಹಲಗೆಯ ಮೇಲಿದ್ದದ್ದನ್ನು ನೋಡಿ ನೋಡಿ ಇವರು ಹೊಸ ಹಲಗೆಗೆ ಇಳಿಸಿದರು: ಉಸ್ಮಾನಸಾಬ, ಸವಣೂರು.

"ನನ್ನ ಹೆಸರಿಂದು ಬರೂಕಿಂತ ಮೊದ್ಲ ಅವ್ರ ಹೆಸರಿಂದು ಅಕ್ಷರ ಬಂದ್ವು ನನಗ. ಅವಾಗ ಏನೂ ಅನಸಿರಲಿಲ್ರಿ. ಅವ್ರಿಗೂ ಹೊಟ್ಟಿ ಐತಲ್ಲ. ಗಿರಾಕಿ ಹೋದ್ರ ಇಬ್ಬರೂ ಉಪವಾಸ."

ಪರದೆ ಎಷ್ಟು ದಿನ ತಡೆದೀತು. ಸುದ್ದಿ ಊರು ದಾಟಿತು. ೧೯೭೮ರಲ್ಲಿ ಇದೇ ಹಂಸಭಾವಿಯ ರೇಡಿಯೋ ರಿಪೇರಿಯಾಗಿ ಹೋಗಿ, ಹದಿನೈದು ದಿನ ಹಾಡಿ, ತಿರುಗಿ ಬಂತು. ಬಿಚ್ಚಿ ನೋಡಿದರೆ ಕರೆವ್ವ ಸುತ್ತಿದ ತಂತಿ ಹಸಿರುಗಟ್ಟಿ ತುಂಡಾಗಿತ್ತು. ಗಾಳಿಯಾಡಲು ಬೆನ್ನಿನ ಹಲಗೆಗೆ ಇಟ್ಟ ತೂತುಗಳ ಸುತ್ತ ಒಣಗಿದ ಕಲೆ. ಮೂಸಿ ನೋಡಿದ ಉಸ್ಮಾನಸಾಬರು ಮುಖ ಸಿಂಡರಿಸಿದರು.

"ಯವ್ವಾ, ಇದಕ್ಕ ಆಕಳ ಗಂಜಳ ಕುಡಸ್ಯಾರ."

ಮತ್ತೆ ಸುತ್ತಿ ಕೊಟ್ಟರು. ಶುದ್ಧ ಮಾಡುವುದೇ ಆದರೆ ಪೆಟ್ಟಿಗೆಯ ಹೊರಗೆ ಮಾಡಿರೆಂದು ಉಸ್ಮಾನಸಾಬರು ಹೇಳಿ ಕಳಿಸಿದರು. ಮನೆಯವರು ಕೇಳಿದರು, ಆದರೆ ಅರ್ಧ ಮಾತ್ರ. ರೇಡಿಯೋಕ್ಕೆ ಒಂದು ಪಂಜೆ ಹೊದಿಸಿ ಅದರ ಮೇಲೆ ಚಿಮುಕಿಸಿದರು. ಪಂಜೆ ತೊಯ್ದು ತೊಟ್ಟಿಕ್ಕಿತು. ರೇಡಿಯೋ ಮೂರನೆಯ ಸಲ ಬಂತು.

"ಬಿಟ್ಟು ಬಿಡದ ನಕ್ಕೇನ್ರಿ ಅವತ್ತ" ಎನ್ನುತ್ತಾರೆ ಕರೆವ್ವ. "ನೀರು ಹಾಕಿದ್ರ ನನ್ನ ಕೈ ಅಳಸಿ ಹೋಗ್ತೈತಿ ಅಂತ ಮಾಡಿದ್ರು. ಅಳಸಿ ಹೋಗಿದ್ದು ಹಾಡು. ಆದ್ರ ರಾತ್ರಿ ಮನಿಗೆ ಹೋಗಿ ಅಡಗಿ ಮಾಡೂ ಮುಂದ ಯಾಕೋ ರೊಟ್ಟಿ ಬಡಿಯಾಕ ಮನಸ ಆಗಲಿಲ್ಲ."

ನಕ್ಕವರಿಗೆ ನೋವಿಲ್ಲ ಎಂದು ಬರೆದುಕೊಳ್ಳುವುದು ಮೇಲೆ ಕೂತವರ ಹಳೆಯ ಅಭ್ಯಾಸ. ಕರೆವ್ವ ನಗುವುದು ನಿಜ, ದಿನಕ್ಕೆ ಹತ್ತು ಸಲ ನಗುತ್ತಾರೆ. ಅದು ಅವರ ಸ್ವಂತದ ನಗು.

೧೯೮೧ರ ಹೊತ್ತಿಗೆ ಉಸ್ಮಾನಸಾಬರ ಕಣ್ಣಿಗೆ ಪೊರೆ ಬಂದಿತು. ಆಪರೇಷನ್ನು ಕೈಹಿಡಿಯಲಿಲ್ಲ. ಒಂದು ಮಧ್ಯಾಹ್ನ ಪರದೆಯನ್ನು ಅವರೇ ತಡವರಿಸಿ ಹುಡುಕಿ ಕಿತ್ತು ಜನ್ನತಬಿಯವರ ಕೈಗೆ ಕೊಟ್ಟರು. "ಇದನ್ನ ಒಲಿ ಮುಂದಿನ ಅರಬಿ ಮಾಡ್ಕೋ" ಎಂದರು. ಕರೆವ್ವನಿಗೆ ಬೀದಿಗೆ ಮುಖ ಮಾಡಿ ಕೂರಲು ಹೇಳಿದರು. ಆ ದಿನ ಮುಚ್ಚಬೇಕಾಗಿದ್ದದ್ದು ಶಿಗ್ಗಾಂವಿಯ ಕ್ಷೌರದಂಗಡಿಯ ರೇಡಿಯೋ. ಹಲಗೆಗೆ ಏನು ಬರೆಯಲಿ ಎಂದು ಕೇಳಿದರೆ, "ಮಾಡಿದವ್ರ ಹೆಸರು ಬರೀಬೇಕು. ನನಗ್ಯಾಕ ಕೇಳ್ತಿ" ಎಂದರು.

ಹೆಸರು ಬರೆದ ಮೇಲೆ ಗಿರಾಕಿ ಕಡಿಮೆಯಾದರು. ಹಿರೇಕೆರೂರಿನ ಕಡೆಯವರು ಪೂರ್ತಿ ನಿಂತರು. ಕೆಲವರು ಬಂದು, ಬೀದಿಯಲ್ಲೇ ನಿಂತು ಒಳಗೆ ಇಣುಕಿ, ಹಾಗೇ ಹೋದರು. ಶಿಗ್ಗಾಂವಿಯ ಕ್ಷೌರಿಕರು ಮಾತ್ರ ಹಾನಗಲ್ಲಿನ ಇಬ್ಬರು ಹೋಟೆಲಿನವರಿಗೆ ಹೇಳಿ ಕಳಿಸಿದರು. ಊರೂರಿಗೆ ಟೇಪ್ ರೆಕಾರ್ಡರು ಬಂದು, ಹಳೆಯ ರೇಡಿಯೋ ಬಿಚ್ಚುವವರೇ ಇಲ್ಲವಾದಾಗ ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಈಗ ವಾರಕ್ಕೆ ಎರಡು ಮೂರು ರೇಡಿಯೋ ಬರುತ್ತವೆ. ರೈಲಿನಲ್ಲಿ ಬಂದವನ್ನು ಯಲವಿಗಿ ಸ್ಟೇಷನ್ನಿನಲ್ಲಿ ಹಮಾಲಿ ಮಾಡುವ ಗಂಡ ಗುಡ್ಡಪ್ಪ ತಲೆಯ ಮೇಲೆ ಹೊತ್ತು ಬಸ್ಸಿಗೆ ತರುತ್ತಾರೆ. "ಮಂದಿ ಪೆಟ್ಟಿಗಿ ಹೊತ್ರ ಬೆವರು ಬರ್ತೈತಿ, ಇವು ನಮ್ಮ ಮನಿ ಪೆಟ್ಟಿಗಿ" ಎಂಬುದು ಅವರ ಮಾತು.

ಕರೆವ್ವ ಬರೀ ಹಾಡಿಸಿ ಕೊಡುವುದಿಲ್ಲ, ರೇಡಿಯೋವನ್ನು ಹೊಸದರ ಹಾಗೆ ಎಬ್ಬಿಸಿ ಕೂರಿಸುತ್ತಾರೆ. ಸತ್ತ ರೇಡಿಯೋಗಳಿಂದ ಬದುಕಿರುವ ವಾಲ್ವು ಕಿತ್ತು ಜೋಡಿಸುತ್ತಾರೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಮೆರುಗು ಕೊಡುತ್ತಾರೆ. ಸ್ಪೀಕರಿನ ಮುಂದಿನ ಬಟ್ಟೆಯನ್ನು ಇಲಿ ತಿಂದಿದ್ದರೆ ಆ ಮನೆಯವರಿಂದಲೇ ಒಂದು ಹಳೆಯ ಸೀರೆ ತರಿಸುತ್ತಾರೆ. ಹೊಸ ಬಟ್ಟೆ ದನಿಯನ್ನು ತಡೆಯುತ್ತದೆ, ಒಗೆದು ಒಗೆದು ತೆಳುವಾದದ್ದು ಬಿಡುತ್ತದೆ. ಹಂಸಭಾವಿಯ ರೇಡಿಯೋಕ್ಕೆ ಈಗ ಮಹಾಲಿಂಗಪ್ಪನವರ ತಾಯಿ ಸಿದ್ದವ್ವನವರ ಇಳಕಲ್ ಸೀರೆಯ ತುಂಡಿದೆ. ರೇಡಿಯೋ ಅಟ್ಟದಿಂದ ಇಳಿದು ಇಲ್ಲಿಗೆ ಬಂದದ್ದೂ ಆ ಮುದುಕಿಯ ಹಟದಿಂದಲೇ. ಮಗ ತಂದುಕೊಟ್ಟ ಟ್ರಾನ್ಸಿಸ್ಟರು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆಂದು ಅವರು ಅದನ್ನು ಮುಟ್ಟುವುದಿಲ್ಲವಂತೆ.

ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಮಹಾಲಿಂಗಪ್ಪನವರ ಜೀಪು ಬಂತು. ಅವರು ಮೆಟ್ಟಿಲ ಮೇಲೆ ನಿಂತೇ ರೇಡಿಯೋ ಕೇಳಿದರು. ಮುಖ ಅರಳಿತು.

"ಭಾಳ ಛಲೋ ಮಾಡೀ ಬಿಡವ್ವ. ನಮ್ಮಪ್ಪ ಇದ್ದಾಗ ಹಿಂಗ ಇತ್ತು ದನಿ" ಎಂದರು. "ಎಲ್ಲಿ, ಹಿಂದಿಂದು ಬಿಚ್ಚು, ಏನೇನು ಹೊಸಾದು ಹಾಕೀ ನೋಡೂಣು."

ಕರೆವ್ವ ಸ್ಕ್ರೂ ಬಿಚ್ಚಿ ಹಲಗೆಯನ್ನು ಎದುರಿಗಿಟ್ಟರು. ಮಹಾಲಿಂಗಪ್ಪನವರ ಕಣ್ಣು ವಾಲ್ವುಗಳ ಕಡೆ ಹೋಗಲಿಲ್ಲ.

"ಇದ್ಯಾಕ ಬರದಿ?"

"ನಾ ಮಾಡೇನಲ್ರಿ ಸಾವ್ಕಾರ್ರ."

"ಮಾಡೀ, ಇಲ್ಲನಂಗಿಲ್ಲ. ಇದು ನಮ್ಮ ದೇವರ ಜಗಲಿ ಬಾಜೂಕ ಇರೂ ವಸ್ತು. ಮ್ಯಾಲ ಉಸ್ಮಾನಸಾಬ್ರ ಹೆಸರು ಐತಿ, ಅದು ಸಾಕು. ಕೆಳಗಿಂದು ಒರಸು."

"ಅದನ್ನೂ ಬರದಾಕಿ ನಾನರಿ."

ಕಟ್ಟೆಯ ಮೇಲೆ ಕೂತಿದ್ದ ಉಸ್ಮಾನಸಾಬರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಮಹಾಲಿಂಗಪ್ಪನವರು ಸಿಟ್ಟಾಗಲಿಲ್ಲ. ಸಿಟ್ಟಾಗುವ ಪೈಕಿ ಅಲ್ಲ ಅವರು, ಸಮಾಧಾನದಿಂದ ತಮ್ಮದನ್ನು ನಡೆಸುವವರು.

"ನೋಡು, ನಮ್ಮ ಬೀಗರದು ಮೂರು ರೇಡಿಯೋ ಅದಾವು, ಮಠದ್ದು ಒಂದೈತಿ. ನಾ ಒಂದು ಮಾತು ಹೇಳಿದ್ರ ಆ ಸೀಮಿದು ಎಲ್ಲಾ ನಿನ್ನಂತೇಕ ಬರ್ತಾವು. ನಾ ಬ್ಯಾಡಂದ್ರ ಒಂದೂ ಬರಂಗಿಲ್ಲ. ಒಳಗಿಂದ ಹೆಸರು ಯಾರು ನೋಡ್ತಾರ? ಒರಸಿದ್ರ ನಿನ್ನ ಗಂಟೇನು ಹೋಗ್ತೈತಿ?"

"ಯಾರೂ ನೋಡಂಗಿಲ್ಲಂದ್ರ ನಿಮಗ್ಯಾಕ ತ್ರಾಸರಿ?"

ಮಹಾಲಿಂಗಪ್ಪನವರು ಬೆಂಚಿನ ಮೇಲಿದ್ದ, ಮರ ತಿಕ್ಕುವ ಪಾಲಿಶ್ ಕಾಗದದ ತುಂಡನ್ನು ಎತ್ತಿ ಉಸ್ಮಾನಸಾಬರ ಕಡೆ ಚಾಚಿದರು. "ಸಾಬ್ರ, ಅಂಗಡಿ ನಿಮ್ಮದು. ನೀವರ ನಾಕು ಸಲ ತಿಕ್ಕಿ ಕೊಡ್ರಿ."

"ನನಗ ಕಣ್ಣ ಕಾಣಂಗಿಲ್ರೀ ಸಾವ್ಕಾರ್ರ" ಎಂದರು ಉಸ್ಮಾನಸಾಬರು. "ತಿಕ್ಕಾಕ ಹೋಗಿ ಮ್ಯಾಲಿಂದು ನನ್ನ ಹೆಸರ ಅಳಸಿಗಿಳಸೇನು. ಮತ್ತ, ಅಂಗಡಿ ನಂದಲ್ಲ. ನಾ ಇಲ್ಲಿ ಚಾ ಕುಡ್ಯಾಕ ಕುಂದ್ರತೇನಿ."

ಕಾಗದದ ತುಂಡು ಈಗ ಕರೆವ್ವನ ಎದುರಿಗೆ ಬಂತು. "ತಿಕ್ಕವ್ವ" ಎಂದರು ಮಹಾಲಿಂಗಪ್ಪನವರು, ದನಿ ಏರಿಸದೆ. "ನನಗ ಹೊತ್ತಾತು."

ಕರೆವ್ವ ಆ ಕಾಗದವನ್ನು ಇಸಿದುಕೊಂಡರು. ಬೆಂಚಿನ ಖಾನೆಯೊಳಗಿಟ್ಟರು. ಹಲಗೆಯನ್ನು ರೇಡಿಯೋದ ಬೆನ್ನಿಗೆ ಕೂರಿಸಿ ಒಂದೊಂದೇ ಸ್ಕ್ರೂ ಬಿಗಿಮಾಡಿದರು.

"ತಿಕ್ಕಂಗಿಲ್ರಿ. ಒಯ್ಯೂದಿದ್ರ ಹೆಸರ ಸುದ್ದಾ ಒಯ್ರಿ. ಬ್ಯಾಡಾಗಿದ್ರ ಇಲ್ಲೇ ಇರಲಿ. ಇಷ್ಟು ಛಂದ ಹಾಡ್ತೈತಿ, ದಿನಾ ಹಚ್ಚಿ ಇಟ್ಟಿರ್ತೇನಿ. ಅವ್ವಾರಿಗೆ ಕೇಳಬೇಕನಿಸಿದ್ರ ಇಲ್ಲಿಗೆ ಕರ್ಕೊಂಡು ಬರ್ರಿ, ಕುರ್ಚಿ ಐತಿ."